ಡ್ರಾಯರಿನಿಂದ ಎದ್ದು ಬಂದ ಕೋಲು: ಮೊದಲ ಪ್ಲೇಸ್ಟೇಷನ್ ವಿಆರ್‌ನ ಪ್ರಕರಣ ಅಧ್ಯಯನ

ಐಸ್‌ಕ್ರೀಂ ಕೋನಿನ ಮೇಲೆ ಪಿಂಗ್‌ಪಾಂಗ್ ಚೆಂಡು ಕೂರಿಸಿದ ಹಾಗಿರುವ ಒಂದು ಕೋಲು. ಹೆಸರು ಪ್ಲೇಸ್ಟೇಷನ್ ಮೂವ್. 2010ರಲ್ಲಿ ಬಂತು. ಸೋನಿಯ ಪಿಎಸ್3 (ಪ್ಲೇಸ್ಟೇಷನ್ 3) ಕನ್ಸೋಲಿಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಗೆ ಜೊತೆಯಾಗಿ, ಟಿವಿ ಮುಂದೆ ನಿಂತು ಕೈ ಬೀಸಿ ಆಡುವ ಆಟಗಳಿಗೆಂದು ಮಾಡಿದ್ದು. ಜನ ಸ್ವಲ್ಪ ದಿನ ಆಡಿದರು. ಆಮೇಲೆ ಅದು ಎಷ್ಟೋ ಮನೆಗಳಲ್ಲಿ ಹಳೇ ಚಾರ್ಜರುಗಳ ಜೊತೆ ಡ್ರಾಯರ್ ಸೇರಿತು.

ಆರು ವರ್ಷದ ಮೇಲೆ ಅದೇ ಕೋಲು ಎದ್ದು ಬಂತು. 2016ರ ಅಕ್ಟೋಬರ್ 13ರಂದು ಸೋನಿ ತನ್ನ ಮೊದಲ ಪ್ಲೇಸ್ಟೇಷನ್ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಬಿಡುಗಡೆ ಮಾಡಿತು, ತಲೆಗೆ ಹಾಕಿಕೊಂಡರೆ ಸುತ್ತಲೂ ಆಟದ ಲೋಕವೇ ಕಾಣುವ ಸಾಧನ. ಅದರಲ್ಲಿ ಆಟಗಾರನ ಎರಡು ಕೈಗಳಾಗಿ ನಿಂತಿದ್ದು ಇವೇ ಎರಡು ಕೋಲು. ಹೊಸ ಕಂಟ್ರೋಲರ್ ಮಾಡಲಿಲ್ಲ. ತಲೆ, ಕೈ ಎಲ್ಲಿವೆ ಎಂದು ನೋಡಲು ಪಿಎಸ್4ರ ಕ್ಯಾಮೆರಾವೇ ಸಾಕು ಎಂದರು. ಹೆಡ್‌ಸೆಟ್ ಹೊಸದು, ಉಳಿದದ್ದೆಲ್ಲ ಇದ್ದ ಸಾಮಾನು.

ನನಗೆ ಈ ತೀರ್ಮಾನ ಬಹಳ ಕುತೂಹಲದ್ದು. ಇದ್ದ ಸಾಮಾನಿನಲ್ಲೇ ಕೆಲಸ ಮುಗಿಸಿದ್ದರಿಂದ ಆ ಹೆಡ್‌ಸೆಟ್ ಅಷ್ಟು ಮನೆ ಸೇರಿತು. ಅದೇ ಕಾರಣಕ್ಕೆ ಒಂದು ಮಟ್ಟದ ಮೇಲೆ ಏರಲೂ ಆಗಲಿಲ್ಲ. ಆರು ವರ್ಷ ದಾಟಿದ ಮೇಲೆ ಬಂದ ಎರಡನೇ ಹೆಡ್‌ಸೆಟ್ ಹಳೆಯದರ ಒಂದೊಂದು ದೋಷವನ್ನೂ ಹುಡುಕಿ ಸರಿಮಾಡಿತು. ಹಾಗೆ ಮಾಡುವಾಗ ಕೈಬಿಟ್ಟದ್ದು ಏನು ಅನ್ನುವುದರಲ್ಲಿ ಈ ಪ್ರಕರಣದ ತಿರುಳಿದೆ.

ಬದಲಾಗದ ಪೆಟ್ಟಿಗೆ

ಮೊದಲು ಆಗಿನ ಪರಿಸ್ಥಿತಿ. 2012ರ ಆಗಸ್ಟ್‌ನಲ್ಲಿ ಆಕ್ಯುಲಸ್ ಎಂಬ ಪುಟ್ಟ ಕಂಪನಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಎತ್ತಿ, ಸತ್ತೇಹೋಗಿದ್ದ ವಿಆರ್‌ಗೆ ಮತ್ತೆ ಜೀವ ಕೊಟ್ಟಿತ್ತು. 2014ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಅದನ್ನು ಕೊಳ್ಳುವುದಾಗಿ ಹೇಳಿತು. ಅದೇ ತಿಂಗಳು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಟ ತಯಾರಕರ ಸಮ್ಮೇಳನ ಜಿಡಿಸಿಯಲ್ಲಿ ಸೋನಿಯ ಶುಹೇ ಯೋಶಿದಾ ವೇದಿಕೆ ಹತ್ತಿ ಈ ಹೆಡ್‌ಸೆಟ್‌ನ ಮೊದಲ ರೂಪವಾದ ಪ್ರಾಜೆಕ್ಟ್ ಮಾರ್ಫಿಯಸ್ ತೋರಿಸಿದರು. ಒಳಗೆ ಅದರ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಎಂಜಿನಿಯರುಗಳು ತಲೆಗೆ ಹಾಕುವ ಡಿಸ್‌ಪ್ಲೇಗೆ ಮೂವ್ ಕೋಲನ್ನೇ ಕಟ್ಟಿ, ತಲೆ ಯಾವ ಕಡೆ ತಿರುಗಿತು ಎಂದು ಅಳೆಯುತ್ತಿದ್ದರು. ನೋಡಲು ತಮಾಷೆಯಾಗಿದ್ದಿರಬೇಕು, ಆದರೆ ಇಡೀ ಯೋಜನೆಯ ಸ್ವಭಾವ ಅದರಲ್ಲೇ ಇದೆ.

ಸಮಸ್ಯೆ ಇದ್ದದ್ದು ಕನ್ಸೋಲಿನಲ್ಲಿ. ಪಿಸಿ ಆದರೆ ತೆರೆದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು. ಕನ್ಸೋಲ್ ಹಾಗಲ್ಲ. ಒಮ್ಮೆ ಕೊಂಡರೆ ಆರೇಳು ವರ್ಷ ಅದೇ ಪೆಟ್ಟಿಗೆ, ಎಲ್ಲ ಆಟವೂ ಅದರಲ್ಲೇ ಓಡಬೇಕು. ಕನ್ಸೋಲ್ ಕೊಳ್ಳುವುದೇ ಆ ನೆಮ್ಮದಿಗೆ, ಅಲ್ವಾ? 2013ರ ನವೆಂಬರ್‌ನಲ್ಲಿ ಬಂದ ಪಿಎಸ್4ರ ಗ್ರಾಫಿಕ್ಸ್ ತಾಕತ್ತು 1.84 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ). 2016ರಲ್ಲಿ ಬಂದ ಪಿಸಿ ಹೆಡ್‌ಸೆಟ್‌ಗಳು ಕನಿಷ್ಠ ಬೇಕು ಎಂದು ಕೇಳಿದ ಜಿಟಿಎಕ್ಸ್ 970 ಕಾರ್ಡಿನ ತಾಕತ್ತು, ಕಾಗದದ ಲೆಕ್ಕದಲ್ಲಿ, ಅದರ ದುಪ್ಪಟ್ಟಿನ ಹತ್ತಿರ. ವಿಆರ್ ಕೇಳುವುದೋ ಮಾಮೂಲಿ ಆಟಕ್ಕಿಂತ ಜಾಸ್ತಿ. ಎರಡು ಕಣ್ಣಿಗೆ ಎರಡು ಚಿತ್ರ ಬರೆಯಬೇಕು, ಅದೂ ತಪ್ಪದೆ, ತಡವಾಗದೆ.

ಸೋನಿಯ ಕೈಯಲ್ಲಿ ಇನ್ನೊಂದು ಎಲೆಯಿತ್ತು. 2016ರ ಮೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಪಿಎಸ್4 ಮಾರಾಟವಾಗಿದ್ದವು. ವಿಆರ್ ಆಡಲು ಬೇಕಾದ ಕಂಪ್ಯೂಟರ್ ಅಷ್ಟು ಮನೆಗಳಲ್ಲಿ ಟಿವಿ ಕೆಳಗೆ ಆಗಲೇ ಕೂತಿತ್ತು, ಸ್ವಲ್ಪ ನಿಧಾನದ್ದಾದರೂ. ಹೆಡ್‌ಸೆಟ್‌ನ ಅಮೆರಿಕದ ಬೆಲೆ 399 ಡಾಲರ್. ಆ ವರ್ಷದ ಆಕ್ಯುಲಸ್ ರಿಫ್ಟ್ 599, ಎಚ್‌ಟಿಸಿ ವೈವ್ 799, ಅದರ ಮೇಲೆ ದುಬಾರಿ ಪಿಸಿ. ಸೋನಿಯ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇರಲಿಲ್ಲ, ಮೂವ್ ಇರಲಿಲ್ಲ. ಕ್ಯಾಮೆರಾ ಇಲ್ಲದೆ ವಿಆರ್ ಆಟ ನಡೆಯುವುದೇ ಇಲ್ಲ. ಬೆಲೆ ಕಡಿಮೆ ಕಾಣಲಿ ಎಂದು ಮಾಡಿದ ಚಾಲಾಕಿತನ ಇದು ಎಂದು ಆಗಲೇ ಟೀಕೆ ಬಂತು, ನ್ಯಾಯವಾಗಿಯೇ ಬಂತು. ಎಲ್ಲ ಸೇರಿಸಿದ ಕಟ್ಟು 499 ಡಾಲರ್. ಆದರೂ ಅಗ್ಗವೇ.

ಮನೆಯ ಕನ್ಸೋಲ್ ಲೋಕದಲ್ಲಿ ಇದಕ್ಕೆ ಮೊದಲು ಕಣ್ಣಿಗೆ ಒತ್ತಿಕೊಂಡು ಆಡುವ ಸಾಧನ ಬಂದಿರಲಿಲ್ಲ ಎಂದೇನಲ್ಲ. 1995ರ ನಿಂಟೆಂಡೊ ವರ್ಚುವಲ್ ಬಾಯ್ ಇತ್ತು. ಮೇಜಿನ ಮೇಲೆ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ಬಗ್ಗಿ ನೋಡಬೇಕು. ಚಿತ್ರವೆಲ್ಲ ಕೆಂಪು ಮತ್ತು ಕಪ್ಪು. ತಲೆ ತಿರುಗಿಸಿದರೆ ಏನೂ ತಿರುಗುವುದಿಲ್ಲ. 22 ಆಟ, ಸುಮಾರು 7.7 ಲಕ್ಷ ಮಾರಾಟ, ಒಂದೇ ವರ್ಷದಲ್ಲಿ ಅಂಗಡಿ ಮುಚ್ಚಿತು. ಅದನ್ನು ವಿಆರ್ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆದರೆ ತಲೆಗೆ ಹಾಕುವ ಸಾಮಾನೆಂದರೆ ಕನ್ಸೋಲ್ ಕಂಪನಿಗಳು ಬೆಚ್ಚಿಬೀಳುವ ಹಾಗೆ ಮಾಡಿತ್ತು.

ಅರವತ್ತನ್ನು ನೂರಿಪ್ಪತ್ತು ಮಾಡುವ ಲೆಕ್ಕ

ಟಿವಿಯಲ್ಲಿ ಆಡುವಾಗ ಚಿತ್ರ ಒಂದು ಕ್ಷಣ ತಡವರಿಸಿದರೆ ಸಿಟ್ಟು ಬರುತ್ತದೆ, ಅಷ್ಟೇ. ಹೆಡ್‌ಸೆಟ್‌ನಲ್ಲಿ ಅದೇ ಆದರೆ ಹೊಟ್ಟೆ ತೊಳಸುತ್ತದೆ. ಯಾಕೆಂದರೆ ತಲೆ ತಿರುಗಿಸಿದ್ದು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಗೊತ್ತಾಗಿರುತ್ತದೆ, ಕಣ್ಣಿಗೆ ಮಾತ್ರ ಲೋಕ ಮುಖಕ್ಕೆ ಅಂಟಿಕೊಂಡು ಜೊತೆಗೇ ಬಂದ ಹಾಗೆ ಕಾಣುತ್ತದೆ. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿಕೆ ಕೊಟ್ಟಾಗ ಮಿದುಳು ಇಬ್ಬರನ್ನೂ ನಂಬುವುದಿಲ್ಲ.

ಹಾಗಾಗಿ ವೇಗ ಬೇಕೇ ಬೇಕು. ಪಿಎಸ್4ಗೆ ಅಷ್ಟು ವೇಗ ಇಲ್ಲ. ಇಲ್ಲಿ ಸೋನಿಯ ಎಂಜಿನಿಯರುಗಳು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಪರದೆಯನ್ನು ಸೆಕೆಂಡಿಗೆ 120 ಸಲ ಬದಲಾಗುವಂತೆ ಮಾಡಿದರು. ಆಟಕ್ಕೆ ಹೇಳಿದ್ದು, ನೀನು 60 ಚಿತ್ರ ಬರೆದುಕೊಟ್ಟರೆ ಸಾಕು. ನಡುವಿನ 60ನ್ನು ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಚಿತ್ರವನ್ನೇ ತೆಗೆದುಕೊಂಡು, ಅಷ್ಟರಲ್ಲಿ ತಲೆ ಎಷ್ಟು ತಿರುಗಿದೆಯೋ ಅಷ್ಟು ಸರಿಸಿ ತೋರಿಸುತ್ತಾರೆ. ಇದಕ್ಕೆ ರೀಪ್ರೊಜೆಕ್ಷನ್ ಎನ್ನುತ್ತಾರೆ. ಚಿತ್ರ ಬರೆಯುವುದು ದೊಡ್ಡ ಕೆಲಸ, ಬರೆದದ್ದನ್ನು ಒಂದು ಚೂರು ಪಕ್ಕಕ್ಕೆ ತಳ್ಳುವುದು ಚಿಕ್ಕ ಕೆಲಸ. ತಲೆ ಅಲುಗಿದ್ದಕ್ಕೂ ಪರದೆ ಬದಲಾಗಿದ್ದಕ್ಕೂ ನಡುವಿನ ಅಂತರ 18 ಮಿಲಿಸೆಕೆಂಡಿಗಿಂತ ಕಡಿಮೆ ಎಂದು 2015ರಲ್ಲೇ ಸೋನಿ ಹೇಳಿತ್ತು.

ಇದಕ್ಕೆ ಕೊಟ್ಟ ಬೆಲೆಯೂ ಕಣ್ಣಿಗೆ ಕಾಣುತ್ತದೆ. ದೂರದ ಬೆಟ್ಟ, ಗೋಡೆ, ಆಕಾಶ ಎಲ್ಲ ಸಲೀಸು. ಮುಖದ ಮುಂದೆ ಕೈಯನ್ನು ಜೋರಾಗಿ ಬೀಸಿ ನೋಡಿ. ಕೈಯ ಅಂಚಿನಲ್ಲಿ ಇನ್ನೊಂದು ಮಸುಕು ಕೈ ಹಿಂಬಾಲಿಸುತ್ತದೆ. ತಲೆ ತಿರುಗಿದ್ದನ್ನು ಸರಿಸಬಹುದು, ಕೈ ಹೋದದ್ದನ್ನು ಹಳೇ ಚಿತ್ರದಿಂದ ಊಹಿಸುವುದು ಆಗ ಆಗದ ಮಾತು.

60ಕ್ಕಿಂತ ಕೆಳಗೆ ಹೋಗುವ ಆಟವನ್ನು ತಿರಸ್ಕರಿಸುತ್ತೇವೆ ಎಂದು ಸೋನಿ ಆಟ ತಯಾರಕರಿಗೆ ಮೊದಲೇ ಹೇಳಿತ್ತು. ಮಾಮೂಲಿ ಕನ್ಸೋಲ್ ಆಟಗಳು 30ರಲ್ಲೇ ಆರಾಮಾಗಿ ಓಡುತ್ತಿದ್ದ ಕಾಲ ಅದು. ಇಂಥ ಕಟ್ಟುನಿಟ್ಟು ಇಲ್ಲದಿದ್ದರೆ ಮೊದಲ ವಾರವೇ ಅರ್ಧ ಜನ ಹೆಡ್‌ಸೆಟ್ ಪಕ್ಕಕ್ಕಿಟ್ಟುಬಿಡುತ್ತಿದ್ದರು ಅನ್ನುವುದು ನನ್ನ ಲೆಕ್ಕ.

ಪರದೆಯ ವಿಷಯದಲ್ಲೂ ಇಂಥದ್ದೇ ಒಂದು ಜಾಣತನ ಇದೆ. 5.7 ಇಂಚಿನ ಒಂದೇ ಓಎಲ್‌ಇಡಿ ಪರದೆ, 1920×1080. ಒಂದು ಕಣ್ಣಿಗೆ ಅರ್ಧ. ರಿಫ್ಟ್, ವೈವ್ ಒಂದೊಂದೂ ಎರಡು ಕಣ್ಣಿಗೆ ಸೇರಿ 2160×1200 ಇಟ್ಟುಕೊಂಡಿದ್ದವು. ಕಾಗದದಲ್ಲಿ ಸೋನಿ ಸೋತಿತ್ತು. ಆದರೆ ಆ ಪರದೆಗಳಲ್ಲಿ ಒಂದು ಪಿಕ್ಸೆಲ್‌ಗೆ ಎರಡೇ ಬಣ್ಣದ ಚುಕ್ಕಿ. ಸೋನಿಯದರಲ್ಲಿ ಕೆಂಪು, ಹಸಿರು, ನೀಲಿ ಮೂರೂ. ಚುಕ್ಕಿಗಳನ್ನೇ ಎಣಿಸಿದರೆ ಸೋನಿಗೆ ಸುಮಾರು 62 ಲಕ್ಷ, ಅವಕ್ಕೆ ಸುಮಾರು 52 ಲಕ್ಷ. ಆಗಿನ ಹೆಡ್‌ಸೆಟ್‌ಗಳಲ್ಲಿ ಎಲ್ಲವನ್ನೂ ಸೊಳ್ಳೆಪರದೆಯ ಒಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಸೋನಿಯದರಲ್ಲಿ ಚಿತ್ರ ಸ್ವಲ್ಪ ಮೆತ್ತಗೆ ಕಂಡರೂ ಆ ಜಾಲರಿ ಅಷ್ಟಾಗಿ ಕಣ್ಣಿಗೆ ಹೊಡೆಯುತ್ತಿರಲಿಲ್ಲ.

ತೂಕ 610 ಗ್ರಾಂ. ಹೇಳಿದರೆ ಭಾರ ಅನಿಸುತ್ತದೆ, ಹಾಕಿಕೊಂಡರೆ ಅಷ್ಟಿಲ್ಲ. ಬೇರೆ ಕೆಲವು ಹೆಡ್‌ಸೆಟ್‌ಗಳು ಈಜು ಕನ್ನಡಕದ ಹಾಗೆ ಮುಖಕ್ಕೆ ಬಿಗಿಯುತ್ತಿದ್ದವು. ಇದರಲ್ಲಿ ಭಾರವನ್ನು ಹಣೆ ಮತ್ತು ತಲೆಯ ಹಿಂಭಾಗ ಹೊರುತ್ತವೆ, ಕಣ್ಣಿನ ಭಾಗ ಮುಂದೆ ತೂಗಾಡುತ್ತದೆ. ಕೆಳಗೊಂದು ಬಟನ್ ಒತ್ತಿ ಅದನ್ನು ಹಿಂದೆ ಮುಂದೆ ಸರಿಸಬಹುದು. ಕನ್ನಡಕ ಹಾಕುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಕನ್ನಡಕ ಹಾಕುವವರನ್ನೇ ಕೇಳಬೇಕು.

ವೈರು, ಬೆಳಕು, ಬೆನ್ನು

ಈಗ ಇನ್ನೊಂದು ಮುಖ.

ಹೆಡ್‌ಸೆಟ್ ಜೊತೆ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಬರುತ್ತದೆ. ಇದು ಪಿಎಸ್4ಗೆ ಹೆಚ್ಚಿನ ಬಲ ಕೊಡುತ್ತದೆ ಎಂದು ಬಹಳ ಜನ ನಂಬಿದ್ದರು. ಇಲ್ಲ. ಅದರ ಕೆಲಸ ಸುತ್ತಲಿನ ಶಬ್ದ ಹೊಂದಿಸುವುದು, ಮಾಮೂಲಿ ಆಟಗಳನ್ನು ಕಣ್ಣ ಮುಂದೆ ದೊಡ್ಡ ಸಿನಿಮಾ ಪರದೆಯ ಹಾಗೆ ತೋರಿಸುವುದು, ಹೆಡ್‌ಸೆಟ್‌ನ ಚಿತ್ರವನ್ನು ನೇರಮಾಡಿ ಟಿವಿಗೆ ಕಳಿಸುವುದು. ಅದನ್ನು ಜೋಡಿಸಲು ಕೂತರೆ ವೈರುಗಳ ಜಾತ್ರೆ. ಕನ್ಸೋಲಿನಿಂದ ಪೆಟ್ಟಿಗೆಗೆ ಎಚ್‌ಡಿಎಂಐ, ಪೆಟ್ಟಿಗೆಯಿಂದ ಟಿವಿಗೆ ಇನ್ನೊಂದು, ಒಂದು ಯುಎಸ್‌ಬಿ, ಪೆಟ್ಟಿಗೆಗೇ ಒಂದು ಪ್ಲಗ್, ಕ್ಯಾಮೆರಾದಿಂದ ಕನ್ಸೋಲಿಗೆ ಒಂದು, ಕೊನೆಗೆ ಹೆಡ್‌ಸೆಟ್‌ನ ದಪ್ಪ ಜೋಡಿ ವೈರು. ಸೋನಿ ಪುಣ್ಯಕ್ಕೆ ಒಂದೊಂದಕ್ಕೂ ನಂಬರ್ ಹಾಕಿತ್ತು. ಮೊದಲ ಮಾದರಿಯ ಪೆಟ್ಟಿಗೆ ಎಚ್‌ಡಿಆರ್ ಚಿತ್ರವನ್ನು, ಅಂದರೆ ಬೆಳಕು ಕತ್ತಲೆಯ ವ್ಯತ್ಯಾಸವನ್ನು ಹೆಚ್ಚು ಚೆನ್ನಾಗಿ ತೋರಿಸುವ ಚಿತ್ರವನ್ನು, ದಾಟಿಸುತ್ತಿರಲಿಲ್ಲ. ಒಳ್ಳೆ ಟಿವಿ ಇದ್ದವರು ಮಾಮೂಲಿ ಆಟಕ್ಕೆ ಮರಳುವಾಗ ಟಿವಿ ಹಿಂದೆ ಬಗ್ಗಿ ವೈರ್ ಬದಲಿಸಬೇಕಿತ್ತು. 2017ರಲ್ಲಿ ಬಂದ ಎರಡನೇ ಮಾದರಿ ಇದನ್ನು ಸರಿಮಾಡಿತು. ಆ ಎರಡು ಮಾದರಿಗಳ ಪೆಟ್ಟಿಗೆ, ಹೆಡ್‌ಸೆಟ್ ಅದಲುಬದಲು ಆಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಲೇಬಲ್ಲಿನಲ್ಲಿ ಝಡ್‌ವಿಆರ್1, ಝಡ್‌ವಿಆರ್2 ಎರಡೂ ಕಡೆ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಲೆನ್ಸ್ ಹಿಂದೆ ಪರದೆಯ ಮೇಲೆ ಸುಟ್ಟ ಚುಕ್ಕಿ ಇದೆಯೇ ಎಂದೂ ನೋಡಿ. ಕಿಟಕಿ ಹತ್ತಿರ ಲೆನ್ಸ್ ಮೇಲಾಗಿ ಇಟ್ಟರೆ ಬಿಸಿಲು ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಪರದೆಯನ್ನು ಸುಡುತ್ತದೆ. ಇದು ಎಲ್ಲ ಹೆಡ್‌ಸೆಟ್‌ಗೂ ಅನ್ವಯ.

ವೈರಿಗಿಂತ ದೊಡ್ಡ ತೊಡಕು ಬೆಳಕು. ಹೆಡ್‌ಸೆಟ್ ಮೇಲೆ ಒಂಬತ್ತು ನೀಲಿ ದೀಪ, ಕೋಲುಗಳ ತುದಿಯಲ್ಲಿ ಬಣ್ಣದ ಗೋಲ. ಗೋಲವೇ ಯಾಕೆ? ಚೆಂಡನ್ನು ಯಾವ ಕಡೆಯಿಂದ ನೋಡಿದರೂ ವೃತ್ತವೇ ಕಾಣುತ್ತದೆ. ವೃತ್ತ ದೊಡ್ಡದಾದರೆ ಕೈ ಹತ್ತಿರ ಬಂದಿದೆ, ಚಿಕ್ಕದಾದರೆ ದೂರ ಹೋಗಿದೆ. ಕೋಣೆಯಲ್ಲಿ ಇಲ್ಲದ ಬಣ್ಣವನ್ನು ಕನ್ಸೋಲೇ ಆರಿಸಿ ಗೋಲಕ್ಕೆ ಹಚ್ಚುತ್ತದೆ. 2010ಕ್ಕೆ ಇದು ಸೊಗಸಾದ ಉಪಾಯ. ಆದರೆ ಕ್ಯಾಮೆರಾಗೆ ಬೆಳಕು ಬೆಳಕೇ. ಕಿಟಕಿಯ ಬಿಸಿಲು, ಫೋಟೋ ಫ್ರೇಮಿನ ಗಾಜು, ಕನ್ನಡಿ, ಪಕ್ಕದ ಟೇಬಲ್ ಲ್ಯಾಂಪ್ ಎಲ್ಲವೂ ಅದರ ಕಣ್ಣಿಗೆ ಅರ್ಧಂಬರ್ಧ ಕೈ, ಅರ್ಧಂಬರ್ಧ ತಲೆ. ಬೇಡದ ಬೆಳಕು ಎಲ್ಲಿದೆ ಎಂದು ಹುಡುಕಲು ಸೆಟ್ಟಿಂಗ್ಸ್‌ನಲ್ಲೇ ಒಂದು ಪರೀಕ್ಷೆ ಕೊಟ್ಟಿದ್ದರು. ಆಡುತ್ತಾ ಆಡುತ್ತಾ ಲೋಕ ನಿಧಾನವಾಗಿ ಒಂದು ಪಕ್ಕಕ್ಕೆ ಜಾರುತ್ತಿತ್ತು. ಎದುರಿಗಿದ್ದ ಬಾಗಿಲು ಹತ್ತು ನಿಮಿಷದಲ್ಲಿ ಭುಜದ ಕಡೆ ಹೋಗಿರುತ್ತದೆ, ಆಡುವವರೂ ಅರಿವಿಲ್ಲದೆ ಸೋಫಾದಲ್ಲಿ ಓರೆಯಾಗಿ ಕೂತಿರುತ್ತಾರೆ. ಆಪ್ಷನ್ಸ್ ಬಟನ್ ಒತ್ತಿ ಹಿಡಿದರೆ ಲೋಕ ಮತ್ತೆ ನೆಟ್ಟಗೆ. ಹಳೇ ಆಟಗಾರರ ಹೆಬ್ಬೆರಳಿಗೆ ಅದು ಉಸಿರಾಟದಷ್ಟೇ ಅಭ್ಯಾಸ.

ಮೂರನೆಯದು ಬೆನ್ನು. ಕ್ಯಾಮೆರಾ ಟಿವಿ ಹತ್ತಿರ, ಒಂದೇ ದಿಕ್ಕಿನಿಂದ ನೋಡುತ್ತದೆ. ತಲೆಯ ಹಿಂದೆಯೂ ದೀಪ ಇರುವುದರಿಂದ ಹಿಂದೆ ತಿರುಗಿದರೆ ತಲೆ ಸಿಗುತ್ತದೆ. ಕೈ ಸಿಗುವುದಿಲ್ಲ, ಮೈ ಅಡ್ಡ ಬಂದಿರುತ್ತದೆ. ಜೊತೆಗೆ ಮೂವ್ ಕೋಲಿನಲ್ಲಿ ಬಟನ್ ಇವೆ, ಹೆಬ್ಬೆರಳಿನಲ್ಲಿ ತಳ್ಳುವ ಸ್ಟಿಕ್ ಇಲ್ಲ. ನಡೆಯುವುದು ಹೇಗೆ? ಒಬ್ಬೊಬ್ಬ ತಯಾರಕರು ಒಂದೊಂದು ದಾರಿ ಹುಡುಕಿದರು. ಕೆಲವರು ತೋರಿಸಿದ ಜಾಗಕ್ಕೆ ಜಿಗಿಸಿದರು, ಕೆಲವರು ಬಟನ್ ಒತ್ತಿದರೆ ಕೈ ತೋರಿದ ಕಡೆ ನಡೆಸಿದರು. 2017ರಲ್ಲಿ ಫಾರ್‌ಪಾಯಿಂಟ್ ಆಟದ ಜೊತೆ ಬಂದೂಕಿನ ಆಕಾರದ ಏಮ್ ಕಂಟ್ರೋಲರ್ ಬಂದಾಗ ಅದರಲ್ಲಿ ಎರಡು ಸ್ಟಿಕ್ ಇದ್ದವು. ಹಳೇ ಕೋಲಿನ ಕೊರತೆಯನ್ನು ಸೋನಿಯೇ ಒಪ್ಪಿಕೊಂಡ ಹಾಗೆ.

ಕೋಣೆಯಲ್ಲಿರುವ ಉಳಿದವರು

ಹೆಡ್‌ಸೆಟ್ ಹಾಕಿಕೊಂಡವರು ಮನೆಯವರಿಗೆ ಒಂದು ಒಗಟು. ಕುರ್ಚಿಯಲ್ಲಿ ಕೂತು ಗಾಳಿಯಲ್ಲಿ ಏನೋ ಹಿಡಿಯುತ್ತಾರೆ, ಇದ್ದಕ್ಕಿದ್ದಂತೆ ಕೂಗುತ್ತಾರೆ, ಇಲ್ಲದ ಮೇಜಿನ ಮೇಲೆ ಕೈ ಊರಲು ಹೋಗುತ್ತಾರೆ. ಪಿಸಿ ಹೆಡ್‌ಸೆಟ್ ಇರುವುದು ಸಾಮಾನ್ಯವಾಗಿ ಒಬ್ಬರ ಕೋಣೆಯಲ್ಲಿ, ಕೇಳುವವರಿಲ್ಲ. ಕನ್ಸೋಲ್ ಇರುವುದು ಎಲ್ಲರೂ ಕೂರುವ ಜಾಗದಲ್ಲಿ. ಟಿವಿ ಎಲ್ಲರದ್ದು.

ಸೋನಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಆಗ ಪಿಸಿಯವರಿಗೆ ಅಷ್ಟಾಗಿ ಹೊಳೆಯದ ವಿಷಯ ಇದು. ಬಿಡುಗಡೆಯ ದಿನವೇ ಪುಕ್ಕಟೆ ಕೊಟ್ಟ ಪ್ಲೇರೂಮ್ ವಿಆರ್‌ನಲ್ಲಿ ಹೆಡ್‌ಸೆಟ್ ಹಾಕಿದವರು ಬೆಕ್ಕು, ಟಿವಿ ನೋಡುತ್ತಾ ಕಂಟ್ರೋಲರ್ ಹಿಡಿದವರು ಇಲಿಗಳು. ಬೆಕ್ಕು ಬಟ್ಟೆಯ ಪರದೆಯ ಹಿಂದಿನಿಂದ ನಿಜವಾಗಿಯೂ ಕತ್ತು ಚಾಚಿ ಇಣುಕಬೇಕು. ಇನ್ನೊಂದರಲ್ಲಿ ಹೆಡ್‌ಸೆಟ್‌ನವರು ದೈತ್ಯ ಪ್ರಾಣಿ, ಕಟ್ಟಡಗಳನ್ನು ತಲೆಯಿಂದಲೇ ಗುದ್ದಿ ಬೀಳಿಸಬೇಕು. ಸೋಫಾದಲ್ಲಿರುವವರಿಗೆ ಟಿವಿಯಲ್ಲಿ ಬೇರೆಯದೇ ಚಿತ್ರ. ಆಟದಲ್ಲಿ ದೈತ್ಯ, ಕೋಣೆಯಲ್ಲಿ ಸುಮ್ನೆ ತಲೆ ಆಡಿಸುತ್ತಿರುವ ಚಿಕ್ಕಪ್ಪ. ನಗು ಎರಡು ಕಡೆಯಿಂದ ಬರುತ್ತದೆ.

ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಇನ್ನೂ ಜಾಣ ಆಟ. ಒಬ್ಬರಿಗೆ ಮಾತ್ರ ಬಾಂಬ್ ಕಾಣುತ್ತದೆ. ಅದನ್ನು ಬಿಚ್ಚುವ ಕೈಪಿಡಿ ಉಳಿದವರ ಕೈಯಲ್ಲಿ. "ಕೆಂಪು ವೈರು ಎಷ್ಟಿದೆ?" "ಎರಡು. ಅಲ್ಲ, ಮೂರು!" ಸಮಯ ಓಡುತ್ತಿರುತ್ತದೆ. ಇಡೀ ಆಟ ನಿಂತಿರುವುದು ಒಬ್ಬರ ಕಣ್ಣು ಮುಚ್ಚಿದೆ ಎಂಬುದರ ಮೇಲೆ. ಹೆಡ್‌ಸೆಟ್ ತರುವ ಒಂಟಿತನವನ್ನೇ ಆಟ ಮಾಡಿಕೊಂಡರು. ಈ ಆಟ ಇತರ ಸಾಧನಗಳಲ್ಲೂ ಇದೆ. ಆದರೆ ಎಲ್ಲರೂ ಕೂತಿರುವ ಕೋಣೆಯಲ್ಲಿ ಅದಕ್ಕೆ ಸಿಗುವ ಗದ್ದಲವೇ ಬೇರೆ.

ಪುಟ್ಟ ರೋಬೋ ಗೋಡೆಯ ಹಿಂದೆ ಹೋದಾಗ

ಇಲ್ಲಿಯವರೆಗಿನ ಕೊರತೆಗಳನ್ನು ಒಂದು ಸಾಲಿನಲ್ಲಿ ಇಡಿ. ಆಡುವವರು ಹೆಚ್ಚಾಗಿ ಕೂತೇ ಇರುತ್ತಾರೆ. ಮುಂದಿನ ದಿಕ್ಕಿಗೇ ಮುಖ. ಕ್ಯಾಮೆರಾ ಒಂದೇ. ನಡೆದರೆ ಹೊಟ್ಟೆ ತೊಳಸುತ್ತದೆ. ಎಲ್ಲರ ಮನೆಯಲ್ಲೂ ಮೂವ್ ಇಲ್ಲ, ಎಲ್ಲರ ಹತ್ತಿರ ಇರುವುದು ಮಾಮೂಲಿ ಡ್ಯುಯಲ್‌ಶಾಕ್ 4 ಕಂಟ್ರೋಲರ್. ಅದರ ಮುಂಭಾಗದಲ್ಲಿ ಒಂದು ದೀಪದ ಪಟ್ಟಿ. ಈ ಕಟ್ಟುಪಾಡುಗಳ ಒಳಗೆ ಏನು ಮಾಡಬಹುದು?

2017ರ ಜನವರಿಯಲ್ಲಿ ಬಂದ ರೆಸಿಡೆಂಟ್ ಈವಿಲ್ 7 ಎಂಬ ಭಯಾನಕ ಆಟ ಕೊಟ್ಟ ಉತ್ತರ ಹಟದ್ದು. ಇಡೀ ದೊಡ್ಡ ಆಟವನ್ನೇ, ಮೊದಲಿನಿಂದ ಕೊನೆಯವರೆಗೆ, ಹೆಡ್‌ಸೆಟ್ ಒಳಗೆ ತಂದರು. ತಿರುಗುವುದನ್ನು ತುಂಡು ತುಂಡು ಮಾಡಿದರು, ಸ್ಟಿಕ್ ತಳ್ಳಿದರೆ ನೋಟ ಒಂದಷ್ಟು ಕೋನ ಥಟ್ಟನೆ ಹಾರುತ್ತದೆ. ಜಾರಿಕೊಂಡು ತಿರುಗುವುದಕ್ಕಿಂತ ಹಾರುವುದು ಮಿದುಳಿಗೆ ಹಗುರ. ಆದರೂ ಎಲ್ಲರಿಗೂ ದಕ್ಕುವ ಆಟ ಅಲ್ಲ, ಹೊಟ್ಟೆಗೂ ಎದೆಗೂ.

2018ರ ಅಕ್ಟೋಬರ್‌ನಲ್ಲಿ ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್ ಬಂತು. ಸೋನಿಯದೇ ಜಪಾನ್ ಸ್ಟುಡಿಯೋದ ಅಸೋಬಿ ತಂಡ, ನಿರ್ದೇಶಕ ನಿಕೊಲಾ ಡೂಸೆ. ಇದರಲ್ಲಿ ಓಡುವುದು ನೀವಲ್ಲ, ನಿಮ್ಮ ಮುಂದಿರುವ ಅಂಗೈಯಗಲದ ರೋಬೋ. ನೀವು ಅದರ ಹಿಂದೆ ತೇಲುತ್ತಾ ಬರುವ ದೊಡ್ಡ ರೋಬೋ. ನೋಟ ಮುಂದಕ್ಕೆ ಮಾತ್ರ ಹೋಗುತ್ತದೆ, ನಿಧಾನವಾಗಿ, ನೇರವಾಗಿ. ತಿರುಗುವುದೇ ಇಲ್ಲ. ತಿರುಗುವುದಾದರೆ ನಿಮ್ಮ ಸ್ವಂತ ಕತ್ತು ತಿರುಗಬೇಕು. ಹೊಟ್ಟೆಯ ಸಮಸ್ಯೆ ಅಲ್ಲಿಗೆ ಬಹಳ ಮಟ್ಟಿಗೆ ಮುಗಿಯಿತು.

ಆಡುವಾಗ ಒಂದು ಗಳಿಗೆ ಬರುತ್ತದೆ. ಪುಟ್ಟ ರೋಬೋ ಒಂದು ಗೋಡೆಯ ಹಿಂದೆ ಹೋಗುತ್ತದೆ, ಕಾಣುವುದಿಲ್ಲ. ಟಿವಿ ಆಟದಲ್ಲಾದರೆ ಸ್ಟಿಕ್ ತಿರುಗಿಸಿ ಕ್ಯಾಮೆರಾ ಸುತ್ತಿಸುತ್ತೇವೆ. ನಾನೂ ಮೊದಲ ಸಲ ಹೆಬ್ಬೆರಳಿನಿಂದ ಸ್ಟಿಕ್ಕನ್ನೇ ಹುಡುಕಿದೆ. ಏನೂ ಆಗಲಿಲ್ಲ. ಆಮೇಲೆ ಹೊಳೆಯಿತು, ಬಗ್ಗಿ ನೋಡಬೇಕು. ಕುರ್ಚಿಯಿಂದ ಅರ್ಧ ಎದ್ದು, ಎಡಕ್ಕೆ ವಾಲಿ, ಗೋಡೆಯ ಪಕ್ಕದಿಂದ ಇಣುಕಿದರೆ ಅಲ್ಲಿ ನಿಂತು ನನ್ನ ಕಡೆಗೇ ಕೈ ಬೀಸುತ್ತಿದೆ. ಕೈಯಲ್ಲಿರುವ ಕಂಟ್ರೋಲರ್ ಆಟದ ಒಳಗೂ ಕಾಣುತ್ತದೆ. ದೀಪದ ಪಟ್ಟಿ ನೋಡಿ ಕ್ಯಾಮೆರಾ ಅದರ ಜಾಗ ಗುರುತಿಸುತ್ತದೆ. ಟಚ್‌ಪ್ಯಾಡ್ ಮೇಲೆ ಬೆರಳು ಸವರಿದರೆ ಅದರಿಂದ ಹಗ್ಗ ಹಾರಿ ಎದುರಿನ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ, ರೋಬೋ ಆ ಹಗ್ಗದ ಮೇಲೆ ನಡೆದು ಬರುತ್ತದೆ. ಹಗ್ಗವನ್ನು ನಾವೇ ಬಿಗಿಯಾಗಿ ಹಿಡಿದಿರಬೇಕು. ಇಲ್ಲಿ ಕೈಯಲ್ಲಿ ಹಿಡಿದದ್ದೂ ಕಣ್ಣಿಗೆ ಕಂಡದ್ದೂ ಒಂದೇ ವಸ್ತು, ಅದೇ ತೂಕ, ಅದೇ ಆಕಾರ. ಆಮೇಲೆ ಬಂದ ಎಷ್ಟೋ ದುಬಾರಿ ಹೆಡ್‌ಸೆಟ್‌ಗಳಲ್ಲೂ ಈ ಹೊಂದಿಕೆ ನನಗೆ ಸಿಕ್ಕಿಲ್ಲ.

ಒಂದೇ ಕ್ಯಾಮೆರಾ, ಕೂತ ಆಟಗಾರ, ದೀಪದ ಪಟ್ಟಿ. ಕೊರತೆಗಳ ಪಟ್ಟಿಯೇ ಇಲ್ಲಿ ಆಟದ ನಿಯಮವಾಯಿತು. ಬೇರೆಯವರು ಕೊರತೆಯನ್ನು ಮುಚ್ಚಿಡಲು ಹೆಣಗಿದರೆ ಈ ತಂಡ ಅದರ ಮೇಲೇ ಮನೆ ಕಟ್ಟಿತು.

ಲೆಕ್ಕ

ಮಾರಾಟವಾದ ಹೆಡ್‌ಸೆಟ್, 2017ರ ಫೆಬ್ರವರಿ 19ಕ್ಕೆ 9.15 ಲಕ್ಷ. ಅದೇ ಡಿಸೆಂಬರ್‌ಗೆ 20 ಲಕ್ಷ. 2018ರ ಆಗಸ್ಟ್‌ಗೆ 30 ಲಕ್ಷ, 2019ರ ಮಾರ್ಚ್‌ಗೆ 42 ಲಕ್ಷ, ಆ ವರ್ಷದ ಕೊನೆಗೆ 50 ಲಕ್ಷ. ಇವು ಸೋನಿಯೇ ಕೊಟ್ಟ ಅಂಕಿಗಳು. ವಿಆರ್ ಲೋಕದಲ್ಲಿ ಆಗ ಇದು ದೊಡ್ಡ ಗೆಲುವು.

ಅದೇ ಅಂಕಿಯನ್ನು ಕನ್ಸೋಲ್ ಕಡೆಯಿಂದ ನೋಡಿ. 2019ರ ಕೊನೆಗೆ ಮಾರಾಟವಾದ ಪಿಎಸ್4 ಸುಮಾರು 10.6 ಕೋಟಿ. ನೂರು ಕನ್ಸೋಲಿಗೆ ಐದು ಹೆಡ್‌ಸೆಟ್ ಕೂಡ ಪೂರ್ತಿ ಇಲ್ಲ. ದೊಡ್ಡ ಆಟ ಮಾಡುವ ಕಂಪನಿಯೊಂದು ನೂರರಲ್ಲಿ ಐದು ಜನಕ್ಕೆಂದು ದುಡ್ಡು ಸುರಿಯುತ್ತದೆಯೇ? ಕೆಲವರು ಸುರಿದರು, ಬಹಳ ಜನ ಸುರಿಯಲಿಲ್ಲ.

ಎರಡನೇ ಸಲ

2023ರ ಫೆಬ್ರವರಿ 22ರಂದು ಪಿಎಸ್5ಗೆ ಪ್ಲೇಸ್ಟೇಷನ್ ವಿಆರ್2 ಬಂತು. ಹಳೆಯದನ್ನು ಬಳಸಿ ಬೇಸತ್ತವರೊಬ್ಬರು ದೂರುಗಳ ಪಟ್ಟಿ ಬರೆದುಕೊಟ್ಟು ಮಾಡಿಸಿದ ಹಾಗಿತ್ತು ಅದು. ವೈರುಗಳ ಜಾತ್ರೆ ಹೋಗಿ ಒಂದೇ ಯುಎಸ್‌ಬಿ ಸಿ ವೈರ್ ಬಂತು. ಟಿವಿ ಹತ್ತಿರದ ಕ್ಯಾಮೆರಾ ಹೋಗಿ ಹೆಡ್‌ಸೆಟ್‌ನಲ್ಲೇ ನಾಲ್ಕು ಕ್ಯಾಮೆರಾ ಬಂದವು. ಬೆನ್ನು ತಿರುಗಿಸಿದರೂ ಕೈ ಕಳೆಯುವುದಿಲ್ಲ. ಒಂದು ಬಟನ್ ಒತ್ತಿದರೆ ಅದೇ ಕ್ಯಾಮೆರಾಗಳಿಂದ ಕೋಣೆ ಕಾಣುತ್ತದೆ. ಕೋಲಿನ ಜಾಗದಲ್ಲಿ ಸ್ಟಿಕ್ ಇರುವ ಸೆನ್ಸ್ ಕಂಟ್ರೋಲರ್. ಪರದೆ ಒಂದೊಂದು ಕಣ್ಣಿಗೆ 2000×2040. ಕಣ್ಣು ಎತ್ತ ನೋಡುತ್ತಿದೆ ಎಂದು ಹಿಂಬಾಲಿಸಿ, ನೋಡುವ ಜಾಗವನ್ನಷ್ಟೇ ಸ್ಪಷ್ಟವಾಗಿ ಬರೆದು ಸುತ್ತಲಿನದನ್ನು ಮಸುಕಾಗಿ ಬಿಡುವ ಉಪಾಯವೂ ಇದೆ. 60ನ್ನು 120 ಮಾಡುವ ಹಳೇ ಲೆಕ್ಕ ಮಾತ್ರ ಗ್ರಾನ್ ಟುರಿಸ್ಮೊ 7ರಂಥ ಆಟಗಳಲ್ಲಿ ಹಾಗೇ ಉಳಿದುಕೊಂಡಿದೆ.

ಆದರೆ ಮೊದಲನೆಯದರ ಒಂದು ಗುಣ ಪಟ್ಟಿಯಲ್ಲಿ ಇರಲಿಲ್ಲ. ಕನ್ಸೋಲ್ ಬಿಟ್ಟರೆ ಮನೆಯಲ್ಲಿದ್ದ ಯಾವುದೂ ಇದಕ್ಕೆ ಬಾರದು. ಹಳೇ ಕ್ಯಾಮೆರಾ ಬೇಡ, ಕೋಲು ಬೇಡ, ಏಮ್ ಬೇಡ. ಹಳೇ ಆಟಗಳೂ ಓಡುವುದಿಲ್ಲ ಎಂದು ಸೋನಿ 2022ರಲ್ಲೇ ಹೇಳಿತ್ತು. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 549.99 ಡಾಲರ್, ಆಗಿನ ಪಿಎಸ್5 ಕನ್ಸೋಲಿಗಿಂತಲೂ ಹೆಚ್ಚು. ಮೊದಲ ಆರು ವಾರದಲ್ಲಿ ಸುಮಾರು 6 ಲಕ್ಷ ಹೋದವು, ಹಳೆಯದರ ಅದೇ ಅವಧಿಗಿಂತ ಸ್ವಲ್ಪ ಹೆಚ್ಚೇ. ಆಮೇಲಿನ ದಾರಿ ಅಷ್ಟು ಸಲೀಸಾಗಲಿಲ್ಲ. ಮೊದಲ ಹೆಡ್‌ಸೆಟ್‌ಗೆ ವಿಆರ್ ವರ್ಲ್ಡ್ಸ್, ಬ್ಲಡ್ ಅಂಡ್ ಟ್ರೂತ್ ಮಾಡಿದ್ದ ಲಂಡನ್ ಸ್ಟುಡಿಯೋ ಮುಚ್ಚುವುದಾಗಿ 2024ರ ಫೆಬ್ರವರಿಯಲ್ಲಿ ಸೋನಿ ಹೇಳಿತು. ಆ ಆಗಸ್ಟ್‌ನಲ್ಲಿ ಹೆಡ್‌ಸೆಟ್ಟನ್ನು ಪಿಸಿಗೆ ಜೋಡಿಸುವ ಅಡಾಪ್ಟರ್ ಬಂತು. 2025ರ ಮಾರ್ಚ್‌ನಲ್ಲಿ ಬೆಲೆ 399.99ಕ್ಕೆ ಇಳಿಯಿತು. ಅಂದರೆ 2016ರಲ್ಲಿ ಶುರುಮಾಡಿದ ಅಂಕಿಗೇ ವಾಪಸ್.

ಇದಕ್ಕೆ ಒಂದೇ ಕಾರಣ ಎನ್ನಲಾಗದು. ಕನ್ಸೋಲೂ ಬೇಡ, ಪಿಸಿಯೂ ಬೇಡ ಎನ್ನುವ ಕ್ವೆಸ್ಟ್ 2 ಅಷ್ಟರಲ್ಲಿ ಬಂದು ಎರಡು ವರ್ಷ ದಾಟಿತ್ತು, 299 ಡಾಲರಿಗೆ ಶುರುವಾಗಿದ್ದ ಸಾಧನ ಅದು. ಆದರೂ ನನ್ನ ತೀರ್ಪು ಇಷ್ಟು. 2016ರಲ್ಲಿ ಸೋನಿ ಕೇಳಿದ್ದು, ನಿಮ್ಮ ಹತ್ತಿರ ಏನಿದೆ, ಅದಕ್ಕೆ ಇದೊಂದು ಸೇರಿಸಿಕೊಳ್ಳಿ. 2023ರಲ್ಲಿ ಕೇಳಿದ್ದು, ಇರುವುದನ್ನು ಪಕ್ಕಕ್ಕಿಡಿ. ಎಂಜಿನಿಯರ್ ಕಣ್ಣಿನಲ್ಲಿ ಎರಡನೆಯದೇ ಸರಿ, ಬೇರೆ ದಾರಿಯೂ ಇರಲಿಲ್ಲ. ದೀಪದ ಪಟ್ಟಿ ನೋಡುವ ಕ್ಯಾಮೆರಾಗೆಂದು ಬರೆದ ಆಟವನ್ನು ಅಂಥ ಪಟ್ಟಿಯೇ ಇಲ್ಲದ ಕಂಟ್ರೋಲರ್‌ನಲ್ಲಿ ಹಾಗೇ ಓಡಿಸಲು ಬರುವುದಿಲ್ಲ. ಕೊಳ್ಳುವವರ ಕಣ್ಣಿನಲ್ಲಿ ಮಾತ್ರ ಅದು ಐವತ್ತು ಲಕ್ಷ ಮನೆಗಳ ಆಟದ ಕಪಾಟಿಗೆ ಬೀಗ ಹಾಕಿದ ಹಾಗೆ.

ಕೆಲವು ಆಟಗಳು ಬೀಗ ಒಡೆದು ಈ ಕಡೆ ಬಂದವು. ಟೆಟ್ರಿಸ್ ಎಫೆಕ್ಟ್, ರೆಜ್ ಇನ್ಫಿನಿಟ್, ಮಾಸ್, ಬೀಟ್ ಸೇಬರ್ ಹೊಸ ಹೆಡ್‌ಸೆಟ್‌ಗೆ ಮತ್ತೆ ತಯಾರಾದವು. ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್ ಬರಲಿಲ್ಲ. ಅದನ್ನು ಆಡಬೇಕೆಂದರೆ ಹಳೇ ಹೆಡ್‌ಸೆಟ್ಟೇ ಬೇಕು. ತಮಾಷೆಯೆಂದರೆ ಆ ಹಳೇ ಹೆಡ್‌ಸೆಟ್ ಪಿಎಸ್5ಗೂ ಜೋಡಣೆಯಾಗುತ್ತದೆ. ಪಿಎಸ್5ರ ಹೊಸ ಕ್ಯಾಮೆರಾ ಅದಕ್ಕೆ ಆಗುವುದಿಲ್ಲ, ಪಿಎಸ್4ರ ಕ್ಯಾಮೆರಾವನ್ನೇ ಒಂದು ಚಿಕ್ಕ ಅಡಾಪ್ಟರ್ ಮೂಲಕ ಸಿಕ್ಕಿಸಬೇಕು. ಕೈಗೆ ಹಳೇ ಡ್ಯುಯಲ್‌ಶಾಕ್ 4. ನಂಬರ್ ನೋಡಿಕೊಂಡು ಒಂದೊಂದೇ ವೈರ್ ಹಾಕಿ, ಕಿಟಕಿಯ ಪರದೆ ಎಳೆದು, ಕುರ್ಚಿಯನ್ನು ಕ್ಯಾಮೆರಾಗೆ ನೇರ ಮಾಡಿ ಕೂತು, ಆಪ್ಷನ್ಸ್ ಬಟನ್ ಒತ್ತಿ ಹಿಡಿದರೆ ಆಯಿತು. ಗೋಡೆಯ ಹಿಂದೆ ಆ ಪುಟ್ಟ ರೋಬೋ ಇನ್ನೂ ಕೈ ಬೀಸುತ್ತಿರುತ್ತದೆ.